ಎಚ್‌ಒ ಜೀನ್ ತಾಯಿ ಯೀಸ್ಟ್‌ನಲ್ಲಿ ಮಾತ್ರ ಯಾಕೆ ಆನ್ ಆಗುತ್ತದೆ?

ಮೊಗ್ಗು_ಯೀಸ್ಟ್: ಎಂಎಸ್ಸಿ ಸೆಮಿನಾರ್‌ಗೆ ಬ್ರೆಡ್ ಯೀಸ್ಟ್ ತಗೊಂಡಿದ್ದೇನೆ. ಮೊಗ್ಗು ಕಳಚಿಕೊಂಡ ಮೇಲೆ ತಾಯಿ, ಮಗಳು ಇಬ್ಬರಲ್ಲೂ ಇರುವುದು ಒಂದೇ ಡಿಎನ್‌ಎ, ಅಲ್ವಾ? ಆದರೂ ಎಚ್‌ಒ ಎಂಬ ಮೇಟಿಂಗ್ ಟೈಪ್ (ಕೂಡುವ ಬಗೆ) ಬದಲಿಸುವ ಜೀನ್ ತಾಯಿಯಲ್ಲಿ ಮಾತ್ರ ಆನ್ ಆಗಿ, ತಾಯಿ ಮಾತ್ರ 'ಎ' ಬಗೆಯಿಂದ 'ಆಲ್ಫಾ' ಬಗೆಗೆ ಬದಲಾಗುತ್ತದೆ. ಮಗಳಲ್ಲಿ ಆಶ್1 ಎಂಬ ಪ್ರೊಟೀನ್ ಅದನ್ನು ತಡೆಯುತ್ತದಂತೆ. ಸರಿ, ಆದರೆ ಆಶ್1 ಜೀನ್ ತಾಯಿಯಲ್ಲೂ ಇದೆಯಲ್ಲ? ಇನ್ನೊಂದು, ನಮ್ಮ ಲ್ಯಾಬ್ ಯೀಸ್ಟ್ ಯಾವತ್ತೂ ಬದಲಾಗಿದ್ದು ಕಂಡಿಲ್ಲ.

ಕೋಶಪ್ರೇಮಿ: ಜೀನ್ ಇದೆ, ಆದರೆ ಅದರ ಎಂಆರ್‌ಎನ್‌ಎ (ಪ್ರೊಟೀನ್ ತಯಾರಿಸಲು ಬೇಕಾದ ಜೀನ್‌ನ ನಕಲು) ತಾಯಿಯಲ್ಲಿ ಉಳಿಯುವುದಿಲ್ಲ. ವಿಭಜನೆಯ ಕೊನೆ ಹೊತ್ತಿಗೆ ತಯಾರಾದ ಆ ಎಂಆರ್‌ಎನ್‌ಎಯನ್ನು ಶೀ2 ಎಂಬ ಪ್ರೊಟೀನ್ ಹಿಡಿದುಕೊಳ್ಳುತ್ತದೆ, ಶೀ3 ಅದನ್ನು ಮಯೋ4 ಎಂಬ ಮಯೋಸಿನ್ ಮೋಟಾರಿಗೆ ಜೋಡಿಸುತ್ತದೆ, ಮೋಟಾರು ಆಕ್ಟಿನ್ ಎಳೆಗಳ ಮೇಲೆ ಅದನ್ನು ಮೊಗ್ಗಿನ ತುದಿಗೆ ಸಾಗಿಸುತ್ತದೆ. ದಾರಿಯಲ್ಲೇ ಪ್ರೊಟೀನ್ ಆಗದ ಹಾಗೆ ಪಫ್6 ತರಹದ ಪ್ರೊಟೀನ್‌ಗಳು ತಡೆದಿರುತ್ತವೆ. ತುದಿ ತಲುಪಿದ ಮೇಲೆ ಆಶ್1 ಪ್ರೊಟೀನ್ ಆಗಿ ಮಗಳ ನ್ಯೂಕ್ಲಿಯಸ್‌ ಸೇರುತ್ತದೆ, ಎಚ್‌ಒ ಮೇಲೆ ಕೂತುಬಿಡುತ್ತದೆ. ಎಚ್‌ಒ ಆನ್ ಮಾಡಲು ಬೇಕಾದ ಸ್ವಿ5 ಪ್ರೊಟೀನ್ ಇಬ್ಬರಲ್ಲೂ ಇದ್ದರೂ ಮಗಳಲ್ಲಿ ಉಪಯೋಗ ಇಲ್ಲ. ಮೋಟಾರು ಕೆಡಿಸಿದರೆ ಆಶ್1 ತಾಯಿಯಲ್ಲೂ ಸೇರಿಕೊಂಡು ತಾಯಿಯೂ ಬದಲಾಗುವುದನ್ನು ನಿಲ್ಲಿಸುತ್ತದೆ. ಶೀ ಜೀನ್‌ಗಳು ಸಿಕ್ಕಿದ್ದೇ ಹೀಗೆ. ಆಶ್1 ಬಗ್ಗೆ 1996ರಲ್ಲಿ, ಎಂಆರ್‌ಎನ್‌ಎ ಸಾಗಾಟದ ಬಗ್ಗೆ 1997ರಲ್ಲಿ ಪೇಪರ್‌ಗಳು ಬಂದವು, ಅವನ್ನೇ ಓದಿ.

ಅಗಾರ್_ಪ್ಲೇಟ್: ಲ್ಯಾಬ್ ಯೀಸ್ಟ್ ಬದಲಾಗದ್ದಕ್ಕೆ ಕಾರಣ ಸುಲಭ. ಹೆಚ್ಚಿನ ಲ್ಯಾಬ್ ತಳಿಗಳಲ್ಲಿ ಎಚ್‌ಒ ಕೆಟ್ಟಿರುತ್ತದೆ. ಅದು ಸರಿಯಿದ್ದರೆ ತಾಯಿ ಬದಲಾಗಿ, ಪಕ್ಕದವರ ಜೊತೆ ಕೂಡಿ, ಪ್ಲೇಟ್ ತುಂಬಾ ಡಿಪ್ಲಾಯ್ಡ್ (ಎರಡು ಸೆಟ್ ಕ್ರೋಮೋಸೋಮ್ ಇರುವ ಕೋಶಗಳು). ಹ್ಯಾಪ್ಲಾಯ್ಡ್ (ಒಂದೇ ಸೆಟ್ ಇರುವವು) ಬೇಕಾದವರ ಗತಿ ಏನು?

ಆದರೆ ತಾಯಿ-ಮಗಳ ವ್ಯತ್ಯಾಸ ಅಲ್ಲಿಗೇ ಮುಗಿಯುವುದಿಲ್ಲ. ಜೀನ್‌ಗಳನ್ನು ಆನ್ ಮಾಡುವ ಏಸ್2 ಪ್ರೊಟೀನ್ ನೋಡಿ, ಸಿಬಿಕೆ1 ಎಂಬ ಕಿಣ್ವ ಅದನ್ನು ಮಗಳ ನ್ಯೂಕ್ಲಿಯಸ್‌ನಲ್ಲೇ ಉಳಿಯುವಂತೆ ಮಾಡುತ್ತದೆ. ಮಗಳೇ ಕೈಟಿನೇಸ್ (ಗೋಡೆಯ ಕೈಟಿನ್ ಕರಗಿಸುವ ಕಿಣ್ವ) ತಯಾರಿಸಿ ಮಧ್ಯದ ಗೋಡೆಯನ್ನು ತನ್ನ ಕಡೆಯಿಂದ ಕರಗಿಸಿ ಬಿಡಿಸಿಕೊಳ್ಳುತ್ತಾಳೆ, ಕೈಟಿನ್ ಗಾಯದ ಉಂಗುರ ತಾಯಿಯ ಮೇಲೆ ಉಳಿಯುತ್ತದೆ. ಕೈಟಿನ್‌ಗೆ ಅಂಟುವ ಕ್ಯಾಲ್ಕೋಫ್ಲೋರ್ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ, ನಿಮ್ಮ ಲ್ಯಾಬ್ ತಳಿಯಲ್ಲೂ ಚೆನ್ನಾಗಿ ಕಾಣುತ್ತದೆ. ಏಸ್2 ಇಲ್ಲದಿದ್ದರೆ ಕೋಶಗಳು ಬಿಡಿಸಿಕೊಳ್ಳದೆ ಗೊಂಚಲಾಗುತ್ತವೆ.

ಮೊಗ್ಗು_ಯೀಸ್ಟ್: ಥ್ಯಾಂಕ್ಸ್! ಮಗಳ ಜಿ1 ಹಂತ (ಡಿಎನ್‌ಎ ನಕಲು ಶುರುವಾಗುವ ಮುಂಚಿನ ಬೆಳವಣಿಗೆಯ ಹಂತ) ಜಾಸ್ತಿ ಹೊತ್ತು ಇರುವುದು ಸುಮ್ನೆ ಅವಳು ಚಿಕ್ಕವಳು ಅಂತಾನಾ?

ಕೋಶಪ್ರೇಮಿ: ಗಾತ್ರ ಒಂದು ಕಾರಣ, ಪೂರ್ತಿ ಅಲ್ಲ. ಏಸ್2, ಆಶ್1 ಎರಡೂ ಸೇರಿ ಮಗಳಲ್ಲಿ ವಿಭಜನೆಯ ಸುತ್ತು ಶುರು ಮಾಡಿಸುವ ಸಿಎಲ್‌ಎನ್3 ತಗ್ಗಿಸುತ್ತವೆ ಎಂದು 2009ರಲ್ಲಿ ತೋರಿಸಿದ್ದಾರೆ. ಅದು ಕಡಿಮೆ ಇದ್ದಷ್ಟೂ ಮುಂದಿನ ಸುತ್ತು ತಡ. ಸೆಮಿನಾರ್‌ನಲ್ಲಿ ಇದನ್ನೂ ಸೇರಿಸಿ, ಖಂಡಿತ ಯಾರಾದರೂ ಕೇಳುತ್ತಾರೆ.