ಟಾಟಾ ಇನ್‌ಸ್ಟಿಟ್ಯೂಟ್‌ನವರು ಒಲೆ ಕಟ್ಟಬೇಕಿತ್ತೇ?

ನೇರನುಡಿ:
1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನ ಕರೆಯುವ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಮೂಲ್ಯ ರೆಡ್ಡಿಯವರು ‘ಆಸ್ಟ್ರ’ ಕೇಂದ್ರವನ್ನು ಆರಂಭಿಸಿದರು. ಹಳ್ಳಿಗೆ ಒದಗುವ ತಂತ್ರಜ್ಞಾನ ಅದರ ಗುರಿ. ರೆಡ್ಡಿಯವರು ಬ್ಯಾಟರಿಗಳಿಗೆ ಆಧಾರವಾದ ವಿದ್ಯುತ್ ರಸಾಯನಶಾಸ್ತ್ರದಲ್ಲಿ ಹೊರದೇಶದವರೂ ಓದುವ ಪಠ್ಯಪುಸ್ತಕದ ಸಹಲೇಖಕರು. ಅಂಥವರು ಸೌದೆ ಒಲೆ, ಗೋಬರ್ ಗ್ಯಾಸ್, ಮಣ್ಣಿನ ಇಟ್ಟಿಗೆಗಳ ಹಿಂದೆ ಹೋದರು. ಇವತ್ತು ಹಳ್ಳಿಯ ಅಡುಗೆಮನೆಗೆ ಸಿಲಿಂಡರ್ ಬಂದಿದೆ, ನಮ್ಮ ಸ್ಕೂಟರಿನ ಲಿಥಿಯಂ ಬ್ಯಾಟರಿಗೆ ನಾವು ಪರದೇಶದ ಮುಖ ನೋಡುತ್ತಿದ್ದೇವೆ. ಲೆಕ್ಕ ಎಲ್ಲಿ ತಪ್ಪಿತು ಎಂದು ಬೇರೆ ಹೇಳಬೇಕೇ? ಒಲೆ ಕಟ್ಟಿಸಲು ಇಲಾಖೆಗಳಿವೆ. ವಿಶ್ವವಿದ್ಯಾಲಯ ಮೂಲ ವಿಜ್ಞಾನ ಮಾಡಲಿ.

ಕುಣಿಗಲ್ ಮೇಷ್ಟ್ರು:
ಒಬ್ಬ ಪ್ರಾಧ್ಯಾಪಕರು ಒಲೆಯ ಕಡೆ ತಿರುಗಿದ್ದರಿಂದ ದೇಶಕ್ಕೆ ಬ್ಯಾಟರಿ ತಪ್ಪಿತು ಎಂಬುದು ವಿಚಿತ್ರ ವಾದ, ನೇರನುಡಿಯವರೇ. ಮಿಕ್ಕವರೆಲ್ಲ ಏನು ಮಾಡುತ್ತಿದ್ದರು?

ನಮ್ಮ ತಾಲ್ಲೂಕಿನ ಉಂಗ್ರದಲ್ಲಿ ಆಸ್ಟ್ರದ ಕೇಂದ್ರವಿತ್ತು. ಹತ್ತಿರದ ಪುರ ಎಂಬ ಪುಟ್ಟ ಹಳ್ಳಿಯ ಕಥೆ ಕೇಳಿ. ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿ ಮನೆಮನೆಗೆ ಅಡುಗೆ ಅನಿಲ ಕೊಡುವುದು ಮೊದಲ ಯೋಜನೆ. ಅದು ನಡೆಯಲಿಲ್ಲ. ಎಲ್ಲರ ಅಡುಗೆಗೂ ಸಾಲುವಷ್ಟು ಸಗಣಿ ಊರಿನಲ್ಲಿ ಇರಲಿಲ್ಲ. ಜನರನ್ನು ಕೇಳಿದಾಗ ಅವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು ಎಂದು ತಿಳಿಯಿತು. 1987ರಲ್ಲಿ ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು, ವಿದ್ಯುತ್ ತಯಾರಿಸಿ, ಕೊಳವೆ ಬಾವಿಯ ನೀರನ್ನು ನಲ್ಲಿಗೆ ತಂದರು. ಮನೆಗಳಿಗೆ ದೀಪವೂ ಬಂತು. ಸಗಣಿ ತಂದವರಿಗೆ ತೂಕದ ಮೇಲೆ ಕಾಸು, ಜೊತೆಗೆ ಅನಿಲ ತೆಗೆದು ಉಳಿದ ಬಗ್ಗಡ ಗದ್ದೆಗೆ ಹಾಕಲು ವಾಪಸ್ಸು. ಘಟಕವನ್ನು ನಡೆಸಿದವರು ಊರಿನ ಹುಡುಗರೇ. ಯಾವ ಇಲಾಖೆ ತನ್ನ ಯೋಜನೆ ಸೋತ ಮೇಲೆ ಅದೇ ಊರಿಗೆ ಮತ್ತೆ ಹೋಗಿ ‘ನಿಮಗೇನು ಬೇಕು’ ಎಂದು ಕೇಳುತ್ತದೆ? ನನ್ನ ಮಟ್ಟಿಗೆ ಸಂಶೋಧನೆ ಎಂದರೆ ಅದು.

ಬೂದಿ ಬುಟ್ಟಿ:
ನಾನು ದಹನದ ಮೇಲೆ ಪಿಎಚ್‌.ಡಿ. ಮಾಡುತ್ತಿರುವವನು. ಒಲೆ ಕೈಲಾಗದವರ ವಿಷಯ ಎನ್ನುವ ಧಾಟಿ ಕೇಳಿ ನಗು ಬರುತ್ತದೆ. ಸೌದೆ ಬಿಸಿಯಾದಾಗ ಮೊದಲು ನೀರಿನಂಶ ಹೋಗುತ್ತದೆ, ಆಮೇಲೆ ಉರಿಯುವ ಅನಿಲಗಳು ಹೊರಡುತ್ತವೆ, ಕೊನೆಗೆ ಇದ್ದಿಲು ಉಳಿಯುತ್ತದೆ. ಒಂದೊಂದಕ್ಕೂ ಬೇಕಾದ ಗಾಳಿ ಬೇರೆ. ಗಾಳಿ ಕಡಿಮೆಯಾದರೆ ಹೊಗೆ, ಹೆಚ್ಚಾದರೆ ಕಾವೆಲ್ಲ ಗಾಳಿಯೊಂದಿಗೆ ಹೊರಗೆ. ಬಾಯಿ ತೆರೆದ ಹಳ್ಳಿ ಒಲೆಯಲ್ಲಿ ಸೌದೆಯ ಶಾಖದ ಬಹುಪಾಲು ಪಾತ್ರೆಗೆ ತಾಗುವುದೇ ಇಲ್ಲ. ಆಸ್ಟ್ರ ಒಲೆಯಲ್ಲಿ ಬೆಂಕಿಗೂಡಿಗೆ ಬರುವ ಗಾಳಿಯನ್ನು ಹಿಡಿತದಲ್ಲಿಟ್ಟು, ಬಿಸಿ ಅನಿಲ ಮೂರು ಪಾತ್ರೆಗಳ ತಳ ಸವರಿಕೊಂಡು ಹೊಗೆ ಕೊಳವೆಗೆ ಹೋಗುವಂತೆ ಮಾಡಿದರು. ಪ್ರಯೋಗಾಲಯದಲ್ಲಿ ದಕ್ಷತೆ ಶೇಕಡಾ 40 ದಾಟಿತು. ಅದೇ ಸಂಸ್ಥೆಯ ವೈಮಾಂತರಿಕ್ಷ ವಿಭಾಗದ ಎಚ್‌.ಎಸ್‌. ಮುಕುಂದ ಅವರು ರಾಕೆಟ್ ಇಂಧನದ ಉರಿಯನ್ನೂ ಅಧ್ಯಯನ ಮಾಡಿದರು, ಸೌದೆಯಿಂದ ಅನಿಲ ತೆಗೆಯುವ ಗ್ಯಾಸಿಫೈಯರನ್ನೂ ರೂಪಿಸಿದರು. ಮೂಲ ವಿಜ್ಞಾನ ಎಲ್ಲಿ ಮುಗಿಯಿತು, ಒಲೆ ಎಲ್ಲಿ ಶುರುವಾಯಿತು, ನೀವೇ ಗೆರೆ ಎಳೆದು ತೋರಿಸಿ.

ನೇರನುಡಿ:
ಪ್ರಯೋಗಾಲಯದ 40 ಸರಿ. ಅಡುಗೆಮನೆಯಲ್ಲಿ ಎಷ್ಟು? ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಎಂಬತ್ತರ ದಶಕದಲ್ಲಿ ಅಬ್ಬರದಿಂದ ಶುರುವಾಗಿ 2002ರಲ್ಲಿ ಮುಚ್ಚಿಹೋಯಿತು. ಅಷ್ಟು ಒಳ್ಳೆಯ ಒಲೆಯಾಗಿದ್ದರೆ ಜನ ಬಿಡುತ್ತಿದ್ದರೇ?

ಹಳೇ ಗಾರೆ:
ಕಟ್ಟಿಸಿದವರ ಕಡೆಯಿಂದ ಒಂದು ಮಾತು. ಆಸ್ಟ್ರ ಒಲೆಯ ಪ್ರಾಣ ಇರುವುದು ಅಳತೆಯಲ್ಲಿ. ಪಾತ್ರೆ ತೂತಿಗೆ ಸರಿಯಾಗಿ ಕೂರಬೇಕು, ಸಂದಿ ಬಿಟ್ಟರೆ ಹೊಗೆ ಮುಖಕ್ಕೇ ಬರುತ್ತದೆ. ಸೌದೆಯನ್ನು ಸಣ್ಣದಾಗಿ ಸೀಳಬೇಕು. ಕೊಳವೆಯ ಮಸಿ ತೆಗೆಯುತ್ತಿರಬೇಕು. ಸಹಾಯಧನ ಬಂದ ಮೇಲೆ ಕಟ್ಟಿದ ಒಲೆಗಳ ಎಣಿಕೆಯೇ ಮುಖ್ಯವಾಯಿತು; ಅಳತೆಪಟ್ಟಿ ಹಿಡಿಯಲು ಯಾರಿಗೂ ಪುರುಸೊತ್ತಿರಲಿಲ್ಲ. ಮನೆಯಾಕೆಗೆ ದೊಡ್ಡ ಪಾತ್ರೆ ಬೇಕು, ಮೇಸ್ತ್ರಿ ತೂತನ್ನು ಅಗಲ ಮಾಡಿ ಕೊಡುತ್ತಾನೆ, ಅಲ್ಲಿಗೆ ಲೆಕ್ಕವೆಲ್ಲ ಕೆಟ್ಟಿತು. ಇದರ ಮೇಲೆ ಮುದ್ದೆ ತೊಳಸುವ ರಭಸ ಬೇರೆ. ಮುದ್ದೆ ಕೋಲಿನ ಹೊಡೆತ ತಡೆಯದ ಒಲೆ ನಮ್ಮ ಸೀಮೆಯಲ್ಲಿ ಒಲೆಯೇ ಅಲ್ಲ.

ಮಣ್ಣಿನ ಇಟ್ಟಿಗೆಯ ಕಥೆ ಹಾಗಾಗಲಿಲ್ಲ ಎಂಬುದನ್ನೂ ಹೇಳಬೇಕು. ಕೆ.ಎಸ್‌. ಜಗದೀಶ್ ಮತ್ತು ಅವರ ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆಗೆ ಸುಡುವ ಕೆಲಸವೇ ಇಲ್ಲ. ಅದರಲ್ಲಿ ಕಟ್ಟಿದ ಮನೆಗಳನ್ನು ಇಂದು ಬೆಂಗಳೂರಿನ ಉಳ್ಳವರು ಇಷ್ಟಪಟ್ಟು ಕಟ್ಟಿಸುತ್ತಾರೆ. ಹಳ್ಳಿಯವನು ಮಾತ್ರ ಸುಟ್ಟ ಇಟ್ಟಿಗೆ ಕೇಳುತ್ತಾನೆ!

ಶಿರಸಿಯ ಅಕ್ಕ:
ಸಿಲಿಂಡರ್ ಬಂತು ಎಂದು ಬರೆದವರು ನಮ್ಮ ಕಡೆಯ ಬಚ್ಚಲುಮನೆ ನೋಡಿಲ್ಲ. ಹಂಡೆ ನೀರು ಕಾಯಿಸುವುದು, ಅಡಿಕೆ ಬೇಯಿಸುವುದು ಇಂದಿಗೂ ಸೌದೆಯಲ್ಲಿಯೇ. ಸ್ವಾತಿ ಭೋಗ್ಲೆಯವರು ಮುಂದೆ ‘ಟೈಡ್’ ಎಂಬ ಸ್ವಯಂಸೇವಾ ಸಂಸ್ಥೆಯ ಮೂಲಕ ರೇಷ್ಮೆ ನೂಲು ಬಿಚ್ಚುವವರಿಗೆ, ಅಡಿಕೆ ಬೇಯಿಸುವವರಿಗೆ ಆಗುವ ಒಲೆಗಳನ್ನು ಕೊಟ್ಟರು. ಅಡುಗೆಮನೆಯಲ್ಲಿ ಸೋತದ್ದು ಕಸುಬಿನ ಕೊಟ್ಟಿಗೆಯಲ್ಲಿ ನಿಂತಿತು. ಅಲ್ಲಿ ಸೌದೆ ಕಾಸು ಕೊಟ್ಟು ಕೊಳ್ಳುವ ಸರಕು, ಉಳಿದದ್ದು ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ಹೆಂಗಸರು ಹೊತ್ತು ತರುವ ಪುರಳೆಗೆ ಯಾರು ಬೆಲೆ ಕಟ್ಟಿದ್ದಾರೆ?

ನೇರನುಡಿ:
ಅಕ್ಕ, ನಿಮ್ಮ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ಕೊಳ್ಳುವವನಿರುವ ಕಡೆ ಇಂಥ ಕೆಲಸವನ್ನು ಹೊರಗಿನ ಸಂಸ್ಥೆಗಳು ಮಾಡಬಲ್ಲವು. ದೇಶ ಸಂಶೋಧನೆಗೆ ಕೊಡುವುದೇ ಒಟ್ಟು ಉತ್ಪನ್ನದ ಶೇಕಡಾ 0.64. ಇಷ್ಟು ಕಿರಿದಾದ ಹಾಸಿಗೆಯಲ್ಲಿ ಯಾರಾದರೂ ಒಬ್ಬರು ಕಾಲು ಮಡಚಲೇಬೇಕು.

ಬೂದಿ ಬುಟ್ಟಿ:
ಮಡಚಿಕೊಂಡವರು ಯಾರು ಎಂದು ನಾನು ಹೇಳುತ್ತೇನೆ. 2022ರ ಯುಜಿಸಿ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಲೇಬೇಕೆಂಬ ಷರತ್ತು ತೆಗೆದರು. ಕಾಗದದ ಮೇಲೆ ಅಷ್ಟೇ. ನಾನು ಒಂದು ಹಳ್ಳಿಯ ಮನೆಗಳಲ್ಲಿ ಹೊಗೆಯನ್ನು ಅಳೆದು ತಂದಾಗ ಮಾರ್ಗದರ್ಶಕರು ಕೇಳಿದ ಮೊದಲ ಪ್ರಶ್ನೆ, ‘ಇದನ್ನು ಯಾವ ಸಂಶೋಧನಾ ಪತ್ರಿಕೆ ತೆಗೆದುಕೊಳ್ಳುತ್ತದೆ?’ ಈಗ ಕಂಪ್ಯೂಟರಿನಲ್ಲಿ ಜ್ವಾಲೆ ಉರಿಸುತ್ತಿದ್ದೇನೆ. ಅದಕ್ಕೆ ಪತ್ರಿಕೆಗಳು ಸಿಗುತ್ತವೆ.

ನೇರನುಡಿ:
ನಿಮ್ಮ ಜ್ವಾಲೆಯ ಲೆಕ್ಕವೂ ಬೇಕಾದದ್ದೇ, ಅದನ್ನು ಹೀಗೆ ಹಗುರವಾಗಿ ಕಾಣಬೇಡಿ.

ಕುಣಿಗಲ್ ಮೇಷ್ಟ್ರು:
ಲೆಕ್ಕ ಬೇಡ ಎಂದವರು ಇಲ್ಲಿ ಯಾರೂ ಇಲ್ಲ. ಒಲೆ ಹಚ್ಚಿದವರ ಮನೆಗೆ ಒಮ್ಮೆ ಹೋಗಿಬರುವುದೂ ಅದೇ ಪ್ರಬಂಧದ ಒಂದು ಅಧ್ಯಾಯವಾಗಲಿ ಎನ್ನುತ್ತಿದ್ದೇವೆ. ಬೂದಿ ಬುಟ್ಟಿಯವರೇ, ನಿಮ್ಮ ಹೊಗೆಯ ಅಳತೆಗಳನ್ನು ಇಲ್ಲಿ ಹಾಕಿ. ಯಾವ ಪತ್ರಿಕೆಯೂ ಬೇಡ, ನಾವು ಓದುತ್ತೇವೆ.

ಶಿರಸಿಯ ಅಕ್ಕ:
ಹಳೇ ಗಾರೆಯವರೇ, ಬಚ್ಚಲು ಒಲೆಯ ಅಳತೆಪಟ್ಟಿ ನಿಮ್ಮಲ್ಲಿದ್ದರೆ ಅದನ್ನೂ ಹಾಕಿ. ಮಳೆಗಾಲಕ್ಕೆ ಮೊದಲು ನಮ್ಮದನ್ನು ಕಿತ್ತು ಕಟ್ಟಿಸಬೇಕು.

ಹಳೇ ಗಾರೆ:
ಇದೆ. ಹಂಡೆಯ ಸುತ್ತಳತೆ ಹೇಳಿ, ಮೊದಲು.