ಪೆಟ್ಟಿಗೆಯೋ ಬಟ್ಟೆಯೋ? ಈ ದೊಡ್ಡ ದೊಡ್ಡ ಫ್ಯಾಷನ್ ಹೆಸರುಗಳು ಹುಟ್ಟಿದ್ದು ಎಲ್ಲಿಂದ

ದರ್ಜಿಮಗ:
ನಮ್ಮಕ್ಕನ ಮಗಳು ಫ್ಯಾಷನ್ ಡಿಸೈನ್ ಓದುತ್ತಿದ್ದಾಳೆ. ಮೊನ್ನೆ ಊಟಕ್ಕೆ ಕೂತಾಗ "ಮಾಮ, ಲೂಯಿ ವಿಟಾನ್ ಎಂಥಾ ದೊಡ್ಡ ಡಿಸೈನರ್ ಗೊತ್ತಾ" ಅಂದಳು. ಅವನು ಜೀವಮಾನದಲ್ಲಿ ಒಂದು ರವಿಕೆ ಹೊಲಿದವನಲ್ಲ ಕಣೇ, ಟ್ರಂಕು ಮಾಡುತ್ತಿದ್ದವನು ಅಂದೆ. ನಂಬಲಿಲ್ಲ. ಫೋನ್ ತೆಗೆದು ನೋಡಿದ ಮೇಲೆ ಸುಮ್ಮನಾದಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೇಳೋದಿಷ್ಟೇ. ಫ್ಯಾಷನ್ ಅಂದ ತಕ್ಷಣ ಬಾಯಿಗೆ ಬರುವ ಹೆಸರುಗಳು ಜಾಸ್ತಿ ಬಟ್ಟೆಯಿಂದ ಶುರುವಾದದ್ದೇ ಅಲ್ಲ. ಎರ್ಮೆಸ್ 1837ರಲ್ಲಿ ಪ್ಯಾರಿಸ್‌ನಲ್ಲಿ ಕುದುರೆಗೆ ಲಗಾಮು, ಪಟ್ಟಿ ಹೊಲಿಯುವ ಅಂಗಡಿ. ಅವರ ಗುರುತಿನಲ್ಲಿ ಇವತ್ತಿಗೂ ಕುದುರೆ ಗಾಡಿ ಇದೆ ನೋಡಿ. ಲೂಯಿ ವಿಟಾನ್ 1854ರಲ್ಲಿ ಪೆಟ್ಟಿಗೆ ಅಂಗಡಿ. ಪ್ರಾಡಾ 1913, ಗುಚ್ಚಿ 1921, ಎರಡೂ ಇಟಲಿಯಲ್ಲಿ ಚರ್ಮದ ಸಾಮಾನು, ಸೂಟ್‌ಕೇಸು. ರೈಲು, ಹಡಗು ಬಂದ ಮೇಲೆ ದುಡ್ಡಿದ್ದವರು ದೇಶ ಸುತ್ತಲು ಹೊರಟರು, ಅವರ ಸಾಮಾನು ತುಂಬಲು ಏನಾದರೂ ಬೇಕಿತ್ತು.

ವಿಟಾನ್ ಕಥೆಯಂತೂ ಚೆನ್ನಾಗಿದೆ. ಫ್ರಾನ್ಸಿನ ಜುರಾ ಬೆಟ್ಟದ ಕಡೆಯ ಹಳ್ಳಿ ಹುಡುಗ, ಹುಟ್ಟಿದ್ದು 1821ರಲ್ಲಿ. ಹದಿಮೂರನೇ ವಯಸ್ಸಿಗೆ ಮನೆ ಬಿಟ್ಟ. ದಾರಿಯಲ್ಲಿ ಸಿಕ್ಕಿದ ಕೂಲಿ ಮಾಡುತ್ತ ನಡೆದುಕೊಂಡೇ ಪ್ಯಾರಿಸ್ ಸೇರುವಷ್ಟರಲ್ಲಿ ಎರಡು ವರ್ಷ. ಅಲ್ಲಿ ಮಾರೆಶಾಲ್ ಎಂಬ ಪೆಟ್ಟಿಗೆ ಮಾಡುವವನ ಹತ್ತಿರ ಕೆಲಸಕ್ಕೆ ಸೇರಿದ. ಆಗಿನ ಟ್ರಂಕಿನ ಮುಚ್ಚಳ ಉಬ್ಬಿಕೊಂಡಿರುತ್ತಿತ್ತು, ಮಳೆ ನೀರು ಜಾರಿ ಹೋಗಲಿ ಅಂತ. ಆದರೆ ಒಂದರ ಮೇಲೊಂದು ಇಡಲು ಆಗುತ್ತಿರಲಿಲ್ಲ. ಇವನು 1858ರಲ್ಲಿ ನೀರು ಇಳಿಯದ ಬೂದು ಬಣ್ಣದ ಕ್ಯಾನ್ವಾಸ್ ಅಂಟಿಸಿ ಮುಚ್ಚಳ ಚಪ್ಪಟೆ ಮಾಡಿದ. ಅಜ್ಜಿ ಮನೆ ಅಟ್ಟದಲ್ಲಿ ಟ್ರಂಕು ಪೇರಿಸಿಟ್ಟದ್ದನ್ನು ನೋಡಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬೇರೆ ಹೇಳಬೇಕಿಲ್ಲ.

ಕಾಫಿಪುಡಿ:
ನಿಮಗೆ ಬೇಕಾದ ನಾಲ್ಕು ಹೆಸರು ಹೆಕ್ಕಿಕೊಂಡು ವಾದ ಕಟ್ಟಿದ್ದೀರಿ. ಶನೆಲ್ ಎಲ್ಲಿ? ಡಿಯೋರ್ ಎಲ್ಲಿ? ಬಲೆನ್ಸಿಯಾಗ ಎಲ್ಲಿ? ಬಲೆನ್ಸಿಯಾಗನ ತಾಯಿ ಸ್ಪೇನಿನ ಗೆಟಾರಿಯಾ ಎಂಬ ಮೀನುಗಾರರ ಊರಿನಲ್ಲಿ ಬಟ್ಟೆ ಹೊಲಿಯುತ್ತಿದ್ದವಳು, ಮಗ ಅವಳ ಪಕ್ಕದಲ್ಲೇ ಕೂತು ಸೂಜಿ ಹಿಡಿದ. ನೀವು ದರ್ಜಿಯ ಮಗ ಆಗಿ ಅವನನ್ನೇ ಬಿಟ್ಟಿರಲ್ಲ!

ಇವರೆಲ್ಲರಿಗಿಂತ ಹಿಂದೆ ಒಬ್ಬನಿದ್ದ, ಚಾರ್ಲ್ಸ್ ಫ್ರೆಡರಿಕ್ ವರ್ತ್. ತಮಾಷೆ ಅಂದರೆ ಅವನು ಫ್ರೆಂಚಿನವನೇ ಅಲ್ಲ. ಇಂಗ್ಲೆಂಡಿನಲ್ಲಿ ಬಟ್ಟೆ ಅಂಗಡಿಯ ಕೆಲಸದ ಹುಡುಗ, ಭಾಷೆಯೂ ಬಾರದೆ ಪ್ಯಾರಿಸ್‌ಗೆ ಹೋದವನು. 1858ರಲ್ಲಿ ಬೊಬೆರ್ಗ್ ಎಂಬವನ ಜೊತೆ ಸೇರಿ ಸ್ವಂತ ಅಂಗಡಿ ಇಟ್ಟ. ಅಲ್ಲಿವರೆಗೆ ಹೇಗಿತ್ತು ಅಂದರೆ ಅಮ್ಮಾವ್ರು ಬಟ್ಟೆ ತರಿಸಿ, ಹೀಗೆ ಹೊಲಿ ಹಾಗೆ ಹೊಲಿ ಅಂತ ಹೇಳುವುದು, ಹೊಲಿಯುವವಳು ಅವರ ಮನೆಗೇ ಹೋಗಿ ಅಳತೆ ತಗೊಂಡು ಬರುವುದು. ಇವನು ಅದನ್ನು ತಿರುಗಾಮುರುಗಾ ಮಾಡಿದ. ಮೊದಲೇ ಉಡುಪು ಮಾಡಿಟ್ಟು, ಹುಡುಗಿಯರಿಗೆ ಹಾಕಿಸಿ ತೋರಿಸಿ, ಬೇಕಾದರೆ ಇದರಲ್ಲಿ ಆರಿಸಿಕೊಳ್ಳಿ ಅಂದ. ಒಳಗಡೆ ತನ್ನ ಹೆಸರಿನ ಪಟ್ಟಿ ಹೊಲಿದ. ಇವತ್ತು ನಾವು ಲೇಬಲ್ ಅನ್ನುವುದು ಅಲ್ಲಿಂದ ಬಂದದ್ದು. ಫ್ಯಾಷನ್ ಮನೆ ಎಂಬುದೇ ಅವನಿಂದ ಶುರು, ಟ್ರಂಕಿನಿಂದ ಅಲ್ಲ.

ದರ್ಜಿಮಗ:
ವರ್ತ್ ವಿಷಯ ಒಪ್ಪಿದೆ. ಆದರೆ ಒಂದು ಮಾತು. ವರ್ತ್‌ನ ದೊಡ್ಡ ಗಿರಾಕಿ ಯಾರು? ಮೂರನೇ ನೆಪೋಲಿಯನ್ನನ ಹೆಂಡತಿ, ರಾಣಿ ಯೂಜೀನಿ. ಅದೇ ರಾಣಿಯ ಉಡುಪುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದವನು ನಮ್ಮ ವಿಟಾನ್. ಆಗ ಬುಟ್ಟಿಯ ಹಾಗೆ ಅಗಲವಾದ ಲಂಗದ ಕಾಲ. ಅದನ್ನು ಸುಕ್ಕಾಗದಂತೆ ಮಡಿಸಿ ತುಂಬುವುದೇ ಒಂದು ಕಸುಬು, ಅದಕ್ಕೇ ಸಂಬಳ. ಇಬ್ಬರ ಅಂಗಡಿಯೂ ಪ್ಯಾರಿಸ್‌ನ ಪ್ಲಾಸ್ ವಾಂಡೋಮ್ ಎಂಬ ಚೌಕದ ಪಕ್ಕದ ಬೀದಿಗಳಲ್ಲಿ, ಎರಡು ಹೆಜ್ಜೆ ದೂರ. ಹಾಗಾಗಿ ಒಬ್ಬ ಹೊಲಿದ, ಇನ್ನೊಬ್ಬ ತುಂಬಿದ. ಈಗ ಹೇಳಿ, ಇವತ್ತು ಉಳಿದದ್ದು ಯಾರ ಹೆಸರು?

ಲೆಕ್ಕಾಚಾರ:
ಇಬ್ಬರೂ ದುಡ್ಡಿನ ವಿಷಯ ಮರೆತು ಮಾತಾಡುತ್ತಿದ್ದೀರಿ 🙂 ಹೆಸರು ಉಳಿಯುವುದು ಸೂಜಿಯಿಂದಲೂ ಅಲ್ಲ, ಪೆಟ್ಟಿಗೆಯಿಂದಲೂ ಅಲ್ಲ. ಹಿಂದೆ ಯಾರು ಬಂಡವಾಳ ಹಾಕಿದರು ನೋಡಿ.

ಶನೆಲ್ ತಗೊಳ್ಳಿ. 1910ರಲ್ಲಿ ಪ್ಯಾರಿಸ್‌ನ ಕಾಂಬಾನ್ ಬೀದಿಯಲ್ಲಿ ಟೋಪಿ ಅಂಗಡಿ. ದುಡ್ಡು ಕೊಟ್ಟವನು ಅವಳ ಗೆಳೆಯ, ಬಾಯ್ ಕೇಪಲ್ ಎಂಬ ಇಂಗ್ಲಿಷ್ ಶ್ರೀಮಂತ. 1921ರಲ್ಲಿ ನಂಬರ್ 5 ಸೆಂಟು ಬಂತು. ಅದನ್ನು ದೊಡ್ಡದಾಗಿ ಮಾಡಿ ಮಾರಲು 1924ರಲ್ಲಿ ಬೇರೆ ಕಂಪನಿ ಆಯಿತು. ಪಾಲು ಹೇಗಿತ್ತು ಗೊತ್ತಾ? ಬಂಡವಾಳ ಹಾಕಿದ ವರ್ತೈಮರ್ ಅಣ್ಣತಮ್ಮಂದಿರಿಗೆ ನೂರಕ್ಕೆ 70, ಅವರನ್ನು ಪರಿಚಯ ಮಾಡಿಸಿದ ಅಂಗಡಿಯ ಯಜಮಾನ ಬಾದೆರ್‌ಗೆ 20, ಯಾರ ಹೆಸರು ಸೀಸೆಯ ಮೇಲಿದೆಯೋ ಅವಳಿಗೆ 10. ಜೀವನಪೂರ್ತಿ ಅದೇ ಸಂಕಟ ಅವಳಿಗೆ. ಇವತ್ತು ಶನೆಲ್ ಮನೆ ಅದೇ ವರ್ತೈಮರ್ ಮೊಮ್ಮಕ್ಕಳದ್ದು.

ಇನ್ನೊಬ್ಬ ಪೊವರೆ, ಪ್ಯಾರಿಸ್‌ನ ಡಿಸೈನರ್. 1911ರಲ್ಲೇ, ಅಂದರೆ ಶನೆಲ್‌ಗಿಂತ ಹತ್ತು ವರ್ಷ ಮುಂಚೆ, ಸೆಂಟು ಮಾಡಿದ. ಆದರೆ ಅದಕ್ಕೆ ತನ್ನ ಹೆಸರು ಇಡಲಿಲ್ಲ, ಮಗಳು ರೋಸಿನ್ ಹೆಸರಿಟ್ಟ. ಒಳ್ಳೆ ಅಪ್ಪ, ಕೆಟ್ಟ ವ್ಯಾಪಾರಿ. 1929ರಲ್ಲಿ ಅಂಗಡಿ ಮುಚ್ಚಿತು, ಕೊನೆಗೆ ಬಡತನದಲ್ಲಿ ಸತ್ತ.

ಕಾಫಿಪುಡಿ:
ದುಡ್ಡಿದ್ದರೆ ಸಾಕು ಅನ್ನುವುದಾದರೆ ಬೂಸಾಕ್ ಯಾಕೆ ಡಿಯೋರ್ ಹಿಂದೆ ಬಿದ್ದ? ಗೊತ್ತಿಲ್ಲದವರಿಗೆ: ಮಾರ್ಸೆಲ್ ಬೂಸಾಕ್ ಅಂದರೆ ಫ್ರಾನ್ಸಿನ ಹತ್ತಿ ಬಟ್ಟೆಯ ಸಾಹುಕಾರ. ಅವನ ಕೈಯಲ್ಲಿ ಒಂದು ಹಳೇ ಅಂಗಡಿ ಮುಳುಗುತ್ತಿತ್ತು, ಅದನ್ನು ಎತ್ತಿ ನಿಲ್ಲಿಸು ಅಂತ ಡಿಯೋರ್‌ನನ್ನು ಕರೆದ. ಡಿಯೋರ್‌ಗೆ ಆಗ ನಲವತ್ತು ದಾಟಿತ್ತು, ಅಪ್ಪ ದಿವಾಳಿ ಎದ್ದಿದ್ದ, ಬೇರೆಯವರ ಅಂಗಡಿಯಲ್ಲಿ ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದ. ಅಂಥವನು "ಹಳೇದು ಬೇಡ, ನನ್ನ ಹೆಸರಲ್ಲಿ ಹೊಸದು ಶುರು ಮಾಡಿ" ಅಂದ. ಬೂಸಾಕ್ ಒಪ್ಪಿದ. 1947ರ ಫೆಬ್ರವರಿ 12ಕ್ಕೆ ಮೊದಲ ಪ್ರದರ್ಶನ, ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು. ಕೈಯಲ್ಲಿ ಕಸುಬು ಇಲ್ಲದಿದ್ದರೆ ಆ ಮಾತು ಆಡಲು ಆಗುತ್ತಿತ್ತಾ?

ಲೆಕ್ಕಾಚಾರ:
ಅದೇ ಕಥೆಯ ಇನ್ನೊಂದು ಮಗ್ಗುಲು ನೋಡಿ. ಯುದ್ಧ ಮುಗಿದ ಹೊಸತು, ಬಟ್ಟೆಗೆ ರೇಷನ್. ಆ ಹೊತ್ತಿನಲ್ಲಿ ಡಿಯೋರ್ ಒಂದೊಂದು ಲಂಗಕ್ಕೆ ಹತ್ತಾರು ಗಜ ಬಟ್ಟೆ ಸುರಿದ. ಬಟ್ಟೆ ಮಿಲ್ಲಿನ ಮಾಲೀಕನಿಗೆ ಇದಕ್ಕಿಂತ ಒಳ್ಳೆ ಜಾಹೀರಾತು ಉಂಟಾ? ಜನ ಎಲ್ಲ ಅಗಲ ಲಂಗ ಹಾಕಿದರೆ ಲಾಭ ಯಾರಿಗೆ ಅಂತ ನೀವೇ ಹೇಳಿ. ಆಮೇಲೆ ಮಿಲ್ಲುಗಳು ಮುಳುಗಿದವು, 1984ರಲ್ಲಿ ಬೆರ್ನಾರ್ ಆರ್ನೋ ಎಂಬ ಫ್ರೆಂಚ್ ಉದ್ಯಮಿ ಆ ಇಡೀ ಬೂಸಾಕ್ ಗುಂಪನ್ನು ಕೊಂಡ. ಅವನ ಕಣ್ಣಿದ್ದದ್ದು ಅದರೊಳಗಿದ್ದ ಡಿಯೋರ್ ಮೇಲೆ. ಈಗ ನಿಮ್ಮ ವಿಟಾನ್ ಕೂಡ ಅವನದೇ ಮನೆಯಲ್ಲಿದೆ.

ಮಿಲಾನೋಮಳೆ:
ಎರಡು ವರ್ಷ ಮಿಲಾನ್‌ನಲ್ಲಿ ಓದಿದ್ದೆ, ಹಾಗಾಗಿ ಇಟಲಿ ಕಡೆಯದು ಸ್ವಲ್ಪ ಸೇರಿಸುತ್ತೇನೆ.

ಹುಟ್ಟಿದ ಕಥೆ ಅಂತ ಇವರು ಹೇಳುವುದನ್ನೆಲ್ಲ ಹಾಗೇ ನುಂಗಬೇಡಿ. ಗುಚ್ಚಿಯವರು ಬಹಳ ಕಾಲ ನಾವು ಹಿಂದಿನಿಂದಲೂ ಕುದುರೆ ಜೀನು ಮಾಡುವ ಮನೆತನ ಅಂತ ಹೇಳಿಕೊಂಡು ಬಂದರು. ಹಸಿರು ಕೆಂಪು ಹಸಿರು ಪಟ್ಟಿ ನೋಡಿದ್ದೀರಲ್ಲ, ಅದು ಜೀನು ಬಿಗಿಯುವ ಪಟ್ಟಿಯ ಮಾದರಿ. ಷೂ ಮೇಲಿನ ಲೋಹದ ಕೊಂಡಿ ಕುದುರೆ ಬಾಯಿಗೆ ಹಾಕುವ ಕಡಿವಾಣದ ಮಾದರಿ. ನೋಡಿದರೆ ಗುಚ್ಚಿಯೋ ಗುಚ್ಚಿಯ ಅಪ್ಪನದು ಹುಲ್ಲಿನ ಟೋಪಿ ಕಸುಬು. ಇವನು ಹುಡುಗನಾಗಿದ್ದಾಗ ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಕೆಲಸಕ್ಕಿದ್ದ, ಶ್ರೀಮಂತರ ಸಾಮಾನು ಎತ್ತಿಟ್ಟು ಎತ್ತಿಟ್ಟು ಒಳ್ಳೆ ಪೆಟ್ಟಿಗೆ ಹೇಗಿರುತ್ತದೆ ಅಂತ ಕಲಿತ. ನಾವು ಜೀನು ಮಾಡಿದವರೇ ಅಲ್ಲ ಅಂತ ಕೊನೆಗೆ ಅವನ ಮಗಳೇ ಹೇಳಿದಳು. ನನ್ನ ಪ್ರಕಾರ ಹೋಟೆಲ್ ಕಥೆಯೇ ಜೀನಿನ ಕಥೆಗಿಂತ ಎಷ್ಟೋ ಚೆಂದ, ಅದನ್ನು ಯಾಕೆ ಮುಚ್ಚಿಡಬೇಕಿತ್ತೋ.

ಶನೆಲ್ ಕೂಡ ಹಾಗೇ. ಹನ್ನೊಂದು ವರ್ಷಕ್ಕೆ ತಾಯಿ ಸತ್ತು ಓಬಾಜೀನ್ ಊರಿನ ಸನ್ಯಾಸಿನಿಯರ ಅನಾಥಾಶ್ರಮದಲ್ಲಿ ಬೆಳೆದವಳು, ಹೊಲಿಗೆ ಕಲಿತದ್ದೂ ಆಗಲೇ. ಆದರೆ ಚಿಕ್ಕಮ್ಮಂದಿರ ಮನೆಯಲ್ಲಿ ಬೆಳೆದೆ ಅಂತ ಹೇಳಿಕೊಳ್ಳುತ್ತಿದ್ದಳು. ವಯಸ್ಸಿನಲ್ಲೂ ಹತ್ತು ವರ್ಷ ಕಡಿಮೆ ಮಾಡುತ್ತಿದ್ದಳು. ಯುದ್ಧದ ಕಾಲದ್ದು ಇನ್ನೂ ಕಹಿ. ಜರ್ಮನ್ ಅಧಿಕಾರಿಯ ಜೊತೆಗಿದ್ದಳು, ವರ್ತೈಮರ್‌ಗಳು ಯಹೂದಿಗಳು ಅನ್ನುವುದನ್ನೇ ಹಿಡಿದು ನಾಜಿ ಕಾನೂನಿನ ಬಲದಿಂದ ಸೆಂಟಿನ ಕಂಪನಿ ಕಿತ್ತುಕೊಳ್ಳಲು ನೋಡಿದಳು. ಅವರು ಮೊದಲೇ ಅದನ್ನು ಯಹೂದಿಯಲ್ಲದ ಒಬ್ಬ ವಿಮಾನ ಕಾರ್ಖಾನೆಯವನ ಹೆಸರಿಗೆ ಮಾಡಿಟ್ಟಿದ್ದರಿಂದ ಉಳಿಯಿತು.

ಕಾಫಿಪುಡಿ:
ಅವಳ ಆ ಕೆಲಸಕ್ಕೆ ನಾನು ವಕಾಲತ್ತು ವಹಿಸುವುದಿಲ್ಲ. ಆದರೆ ಬಡತನ ಮುಚ್ಚಿಟ್ಟದ್ದಕ್ಕೆ ಬೈಯಬೇಡಿ. ಅನಾಥಾಶ್ರಮದ ಹುಡುಗಿ ಅಂದರೆ ಆ ಕಾಲದ ದೊಡ್ಡ ಮನೆ ಹೆಂಗಸರು ಅವಳ ಟೋಪಿ ಕೊಳ್ಳುತ್ತಿದ್ದರಾ? ಗಂಡಸರ ಒಳ ಅಂಗಿಗೆ ಬಳಸುತ್ತಿದ್ದ ಜೆರ್ಸಿ ಬಟ್ಟೆ ತಂದು ಅದೇ ಹೆಂಗಸರಿಗೆ ಉಡಿಸಿದಳಲ್ಲ, ಅದನ್ನೂ ಹೇಳಿ.

ಸುಮ್ನೆಬಂದೆ:
ಇಷ್ಟೆಲ್ಲ ಓದಿದೆ. ನನ್ನ ಹತ್ತಿರ ಫುಟ್‌ಪಾತ್‌ನಲ್ಲಿ 350 ರೂಪಾಯಿಗೆ ತಂದ ಎಲ್ವಿ ಬ್ಯಾಗಿದೆ. ಅದರ ಇತಿಹಾಸ ಯಾರಾದರೂ ಹೇಳಿ 😂

ದರ್ಜಿಮಗ:
@ಸುಮ್ನೆಬಂದೆ ಖಂಡಿತ ಇದೆ! ಚಪ್ಪಟೆ ಟ್ರಂಕು ಬಂದದ್ದೇ ತಡ, ಎಲ್ಲರೂ ನಕಲು ಹೊಡೆಯತೊಡಗಿದರು. ಅದಕ್ಕೆ ಬಟ್ಟೆಯ ಮಾದರಿ ಬದಲಾಯಿಸುತ್ತಾ ಹೋದರು. 1888ರಲ್ಲಿ ಚದುರಂಗದ ಮನೆಯಂಥ ಚೌಕಳಿ. ಅದೂ ನಕಲಾಯಿತು. ಅಪ್ಪ ಸತ್ತ ಮೇಲೆ ಮಗ ಜಾರ್ಜ್ 1896ರಲ್ಲಿ ಎಲ್ ಮತ್ತು ವಿ ಹೆಣೆದು ನಡುವೆ ಹೂವು ಬಿಡಿಸಿದ, ಇನ್ನು ಯಾರೂ ನಕಲು ಮಾಡಲಾರರು ಅಂತ. ನಿಮ್ಮ ಬ್ಯಾಗಿನ ಮೇಲಿರುವುದು ಅದೇ.

ಅಥಣಿಯವ:
ನಮಸ್ಕಾರ್ರೀ. ಇಲ್ಲಿ ಎಲ್ಲರೂ ಪ್ಯಾರಿಸ್, ಮಿಲಾನ್ ಅಂತ ಹೊಂಟೀರಿ, ನಮ್ಮೂರಿಗೂ ಸ್ವಲ್ಪ ಬರ್ರಿ. 2025ರ ಜೂನ್‌ನಲ್ಲಿ ಪ್ರಾಡಾದವರು ಮಿಲಾನ್ ಪ್ರದರ್ಶನದಲ್ಲಿ ಗಂಡಸರ ಕಾಲಿಗೆ ಹಾಕಿಸಿದ ಚಪ್ಪಲಿ ನೆನಪಿದೆಯಾ? ಚರ್ಮದ ಚಪ್ಪಲಿ ಅಂತಷ್ಟೇ ಹೇಳಿದರು. ಕಣ್ಣಿದ್ದವರಿಗೆ ಗೊತ್ತು ಅದು ಕೊಲ್ಲಾಪುರಿ ಅಂತ. ಗಲಾಟೆ ಆದ ಮೇಲೆ ಹೌದು, ಭಾರತದ ಕೈಕಸುಬಿನಿಂದ ತಗೊಂಡದ್ದು ಅಂತ ಒಪ್ಪಿಕೊಂಡರು.

ಹೆಸರು ಕೊಲ್ಲಾಪುರಿ ಅಂತಿದ್ದರೂ 2019ರ ಜಿಐ (ಇದು ಇಂಥ ಕಡೆಯದೇ ಸಾಮಾನು ಅಂತ ಸರ್ಕಾರ ಕೊಡುವ ಗುರುತು) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೆ, ನಮ್ಮ ನಾಲ್ಕು ಜಿಲ್ಲೆಗೆ, ಎರಡೂ ಕಡೆಗೆ ಸೇರಿಸಿ ಕೊಟ್ಟದ್ದು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. ಅಥಣಿ, ನಿಪ್ಪಾಣಿ ಕಡೆ ಮನೆ ಮನೆಯಲ್ಲಿ ಈ ಕೆಲಸ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದ ಮಾಡುವವರು ಬೇರೆ, ಕತ್ತರಿಸಿ ಹೊಲಿಯುವವರು ಬೇರೆ, ಹೆಣಿಗೆಯ ಸಣ್ಣ ಕೆಲಸ ಜಾಸ್ತಿ ಹೆಂಗಸರದ್ದು. ಇದಕ್ಕೆ ಯಾವ ಸ್ಥಾಪಕನ ಹೆಸರು ಹಾಕೋಣ?

ಲೆಕ್ಕಾಚಾರ:
ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ಒಂದು ಹೆಸರನ್ನು ನೂರು ವರ್ಷ ಕಾಯ್ದುಕೊಂಡು ಬರುವುದೂ ಕೆಲಸವೇ ಅಲ್ವಾ? ಪ್ರಾಡಾ ಅದನ್ನು ಮಾಡಿದೆ.

ಅಥಣಿಯವ:
ಮಾಡಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಮಾರಿಯೋ ಪ್ರಾಡಾ ಅಂಗಡಿಯಲ್ಲಿ ಶುರುವಿಗೆ ಇಂಗ್ಲೆಂಡಿನಿಂದ ತರಿಸಿದ ಪೆಟ್ಟಿಗೆ, ಕೈಚೀಲಗಳನ್ನೂ ಮಾರುತ್ತಿದ್ದರಲ್ಲ. ಅವನ್ನು ಮಾಡಿದ ಇಂಗ್ಲೆಂಡಿನ ಕೈ ಯಾರದು ಅಂತ ಯಾರಾದರೂ ಹೇಳುತ್ತಾರಾ? ನಾನು ಕೇಳುವುದು ಅಷ್ಟೇ.

ಮಿಲಾನೋಮಳೆ:
ಒಳ್ಳೆ ಪಾಯಿಂಟು. ಮಿಲಾನ್‌ನ ಗ್ಯಾಲರಿ ಎಂಬ ಹಳೇ ಅಂಗಡಿ ಸಾಲಿನ ಒಳಗೆ ಪ್ರಾಡಾದ ಆ ಅಂಗಡಿ ಈಗಲೂ ಇದೆ, ಹೊರಗೆ ನಿಂತು ನೋಡಿ ಬಂದಿದ್ದೇನೆ, ಒಳಗೆ ಹೋಗುವಷ್ಟು ಧೈರ್ಯವೂ ಇರಲಿಲ್ಲ ದುಡ್ಡೂ ಇರಲಿಲ್ಲ. ಇನ್ನೊಂದು ಸ್ವಾರಸ್ಯ: ವ್ಯಾಪಾರ ಹೆಂಗಸರ ಕೆಲಸ ಅಲ್ಲ ಅನ್ನುತ್ತಿದ್ದ ಮನುಷ್ಯ ಮಾರಿಯೋ. ಆಮೇಲೆ ಅಂಗಡಿ ನಡೆಸಿದ್ದು ಮಗಳು, ಜಗತ್ತಿಗೆಲ್ಲ ಹೆಸರು ಮಾಡಿದ್ದು ಮೊಮ್ಮಗಳು ಮಿಯುಚ್ಚಾ. ಅವಳು ಓದಿದ್ದು ರಾಜ್ಯಶಾಸ್ತ್ರ, ಅದರಲ್ಲೇ ಡಾಕ್ಟರೇಟು. 1984ರಲ್ಲಿ ಕಪ್ಪು ನೈಲಾನ್ ಬ್ಯಾಗು ಮಾಡಿದಳು. ಚರ್ಮದ ಅಂಗಡಿಯವರು ನೈಲಾನ್ ಮಾರಿ ಗೆದ್ದರು!

ಅಂದ ಹಾಗೆ ಚಪ್ಪಲಿ ಗಲಾಟೆ ಒಂದು ಹಂತಕ್ಕೆ ಬಂತಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದ ಚರ್ಮೋದ್ಯಮ ನಿಗಮ ಲಿಡ್ಕರ್, ಮಹಾರಾಷ್ಟ್ರದ ಅಂಥದ್ದೇ ನಿಗಮ ಲಿಡ್‌ಕಾಂ ಜೊತೆ ಪ್ರಾಡಾ ಒಪ್ಪಂದ ಮಾಡಿಕೊಂಡಿತು. ಇಲ್ಲಿನವರ ಕೈಯಲ್ಲೇ 2000 ಜೊತೆ ಮಾಡಿಸುವುದು, ಒಂದು ಜೊತೆಗೆ ಸುಮಾರು 800 ಯೂರೋ ಅಂತ ಸುದ್ದಿ ಬಂದಿತ್ತು.

ಸುಮ್ನೆಬಂದೆ:
800 ಯೂರೋನಾ!! ಅಷ್ಟು ದುಡ್ಡಿಗೆ ನಾನು ಬರಿಗಾಲಲ್ಲೇ ಓಡಾಡುತ್ತೇನೆ.

ಕಾಫಿಪುಡಿ:
@ಅಥಣಿಯವ ನಿಮ್ಮ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ವರ್ತ್ ಲೇಬಲ್ ಹೊಲಿದ ಅಂತ ನಾನೇ ಹೆಮ್ಮೆಯಿಂದ ಬರೆದೆ. ಆ ಲೇಬಲ್ ಬಂದಾಗಲೇ ಅವನ ಕೈಕೆಳಗೆ ಹೊಲಿಯುತ್ತಿದ್ದ ಹೆಂಗಸರ ಹೆಸರು ಹೋಯಿತು ಅನ್ನುವುದು ಹೊಳೆದಿರಲಿಲ್ಲ. ನಿಮ್ಮ ಕಡೆ ಚಪ್ಪಲಿಗೆ ಏನೇನು ಹೆಸರಿದೆ, ಮಾಡಿದವರದ್ದೇನಾದರೂ?

ಅಥಣಿಯವ:
ಮನುಷ್ಯರ ಹೆಸರಿಲ್ಲರೀ, ಊರಿನ ಹೆಸರಿದೆ. ಕಾಪ್ಶಿ ಅಂತ ಒಂದು ನಮೂನೆ, ಅದು ಕೊಲ್ಲಾಪುರ ಕಡೆಯ ಒಂದು ಊರು. ಬೇರೆ ಊರಿನವರು ಮಾಡಿದರೂ ಕಾಪ್ಶಿ ಅಂತಲೇ ಕರೆಯುತ್ತಾರೆ.

ದರ್ಜಿಮಗ:
ಅಕ್ಕನ ಮಗಳಿಗೆ ಇದನ್ನೆಲ್ಲ ಓದಿಸಿದೆ. ವಿಟಾನ್ ವಿಷಯ ಬಿಟ್ಟು ಈಗ ಅಥಣಿ ಚಪ್ಪಲಿ ಬೇಕು ಅಂತ ಕೂತಿದ್ದಾಳೆ. ಕಾಲಿನ ಅಳತೆ ಕಳಿಸಿದರೆ ಆಗುತ್ತಾ, ಅಥವಾ ಬರಲೇಬೇಕಾ?

ಅಥಣಿಯವ:
ಒಂದು ಹಾಳೆಯ ಮೇಲೆ ಪಾದ ಇಟ್ಟು ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕಳಿಸಿ, ಸಾಕು. ಎರಡೂ ಪಾದದ್ದು ಕಳಿಸಿ, ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಹೊಸದರಲ್ಲಿ ನಾಲ್ಕು ದಿನ ಕಚ್ಚುತ್ತದೆ ಅಂತ ಮೊದಲೇ ಹೇಳಿಬಿಡಿ. ರಾತ್ರಿ ಪಟ್ಟಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿಡಲಿ.