ಕಾನ್ಸೆಪ್ಟ್ ಕಾರಿಗೆ ‘ಪರಿಕಲ್ಪನಾ ಕಾರು’ ಒಪ್ಪುವುದೇ?

ಮಾನ್ಯರೇ,

ಅಮೆರಿಕದ ಕಾನ್ಸೆಪ್ಟ್ ಕಾರುಗಳ, ಅಂದರೆ ಹೊಸ ವಿನ್ಯಾಸವನ್ನೋ ತಂತ್ರಜ್ಞಾನವನ್ನೋ ತೋರಿಸಲೆಂದು ಕಂಪನಿಗಳು ಕಟ್ಟುವ ಪ್ರದರ್ಶನದ ಕಾರುಗಳ, ಇತಿಹಾಸವನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಪತ್ರಿಕೆಗಳಲ್ಲಿ ಇದಕ್ಕೆ ‘ಪರಿಕಲ್ಪನಾ ಕಾರು’ ಎಂಬ ಪದ ಬಳಕೆಯಲ್ಲಿದೆಯಾದರೂ, ಹಳೆಯ ಕಾರುಗಳ ವಿಷಯ ಬಂದಾಗ ಅದು ಓದುಗರನ್ನು ದಾರಿ ತಪ್ಪಿಸುತ್ತದೆಂದು ನನ್ನ ಭಾವನೆ. ಪರಿಕಲ್ಪನೆ ಎಂದೊಡನೆ ಮನಸ್ಸಿನಲ್ಲೋ ಕಾಗದದಲ್ಲೋ ಉಳಿದುಹೋದದ್ದು ಎಂಬ ಅರ್ಥ ಹೊಳೆಯುತ್ತದೆ. ಈ ಬಗೆಯ ಮೊದಲ ಕಾರೆಂದು ಹಲವರು ಎಣಿಸುವ 1938ರ ಬ್ಯೂಕ್ ವೈ-ಜಾಬ್ ರಸ್ತೆಯ ಮೇಲೆ ಓಡಿದ ಕಾರು; ಬ್ಯೂಕ್ ಕಾರುಗಳನ್ನು ತಯಾರಿಸುವ ಜನರಲ್ ಮೋಟಾರ್ಸ್ ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದ ಹಾರ್ಲೆ ಅರ್ಲ್ ಅದನ್ನು ವರ್ಷಗಟ್ಟಲೆ ಸ್ವಂತ ಓಡಾಟಕ್ಕೆ ಬಳಸಿದರು. ಬೇಡವಾದಾಗ ಒಳಗೆ ಅಡಗುವ ಹೆಡ್‌ಲೈಟುಗಳು, ವಿದ್ಯುತ್ತಿನಿಂದ ಏರಿಳಿಯುವ ಕಿಟಕಿ ಗಾಜುಗಳು, ಬಾಗಿಲಿನ ಮೈಗೆ ಸಮನಾಗಿ ಕೂರುವ ಹಿಡಿಗಳು ಅದರಲ್ಲಿದ್ದವು.

ಆ ಕಾಲದವರ ಮಾತೂ ಬೇರೆಯೇ ಇತ್ತು. 1950ರ ದಶಕದಲ್ಲಿ ಜನರಲ್ ಮೋಟಾರ್ಸ್‌ನ ಮೋಟೊರಾಮಾ ಪ್ರದರ್ಶನಗಳಿಗೆ ಬಂದ ಇಂಥ ಕಾರುಗಳನ್ನು ‘ಡ್ರೀಮ್ ಕಾರ್’ ಎಂದು ಕರೆಯುತ್ತಿದ್ದರು. ಕ್ರೈಸ್ಲರ್ ಕಂಪನಿಯಲ್ಲಿ ವರ್ಜಿಲ್ ಎಕ್ಸ್‌ನರ್ ಅವರ ವಿನ್ಯಾಸದಂತೆ ಇಟಲಿಯ ಟ್ಯೂರಿನ್‌ನಲ್ಲಿದ್ದ ಘಿಯಾ ಸಂಸ್ಥೆಯವರು ಕಟ್ಟಿಕೊಟ್ಟ ಕಾರುಗಳಿಗೆ ‘ಐಡಿಯಾ ಕಾರ್’ ಎಂಬ ಹೆಸರಿತ್ತು. ಕನ್ನಡದಲ್ಲಿ ‘ಕನಸಿನ ಕಾರು’ ಎಂದರೆ ಯಾರೋ ಕೊಳ್ಳಲು ಆಸೆಪಟ್ಟಿರುವ ಕಾರು ಎಂದಾಗುತ್ತದೆ. ‘ಮಾದರಿ’ ಎಂದರೆ ಮಾರಾಟದ ಮಾಡೆಲ್ ನೆನಪಾಗುತ್ತದೆ. ಮೇಲಾಗಿ, ಹೊಸ ಕಾರಿನ ಆಕಾರವನ್ನು ತಗಡಿಗೆ ಇಳಿಸುವ ಮುನ್ನ ಅರ್ಲ್ ಅವರ ವಿಭಾಗದಲ್ಲಿ ಜೇಡಿಮಣ್ಣಿನಿಂದ ತಿದ್ದುತ್ತಿದ್ದ ಪ್ರತಿರೂಪಕ್ಕೂ ಅದೇ ಪದ ಬೇಕಾಗುತ್ತದೆ.

ನನಗೆ ಹೊಳೆದಿರುವ ಪದ ‘ಮುನ್ನೋಟದ ಕಾರು’. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಪ್ರದರ್ಶಿತವಾಗಿ, ಅದೇ ವರ್ಷದ ಜೂನ್ ತಿಂಗಳಲ್ಲಿ ತಯಾರಿಕೆಗೆ ಹೋದ ಶೆವ್ರೊಲೆ ಕಾರ್ವೆಟ್‌ಗೆ ಇದು ಚೆನ್ನಾಗಿ ಹೊಂದುತ್ತದೆ. ಗ್ಯಾಸ್ ಟರ್ಬೈನಿನಿಂದ ಓಡುವ, ಜೆಟ್ ವಿಮಾನವನ್ನು ಹೋಲುವ, ಜನರಲ್ ಮೋಟಾರ್ಸ್‌ನದೇ ಆದ ಫೈರ್‌ಬರ್ಡ್ ಸರಣಿಯ ಕಾರುಗಳಾದರೋ ಮಾರಾಟಕ್ಕೆಂದು ಹುಟ್ಟಿದವೇ ಅಲ್ಲ. ಅವನ್ನೂ ‘ಮುನ್ನೋಟದ ಕಾರು’ ಎಂದರೆ, ಅಂಗಡಿಗೆ ಬರಲಿರುವ ಸರಕಿನ ಪೂರ್ವಪ್ರದರ್ಶನವೆಂದು ಓದುಗರು ಭಾವಿಸುವರೇ, ಅಥವಾ ಮುಂದಿನ ಕಾಲದತ್ತ ಹಾಯಿಸಿದ ನೋಟವೆಂಬ ಅರ್ಥವೇ ಮೊದಲು ತೋರುವುದೇ? ಎರಡನೆಯದಾಗಿ, ‘ಡ್ರೀಮ್ ಕಾರ್’, ‘ಐಡಿಯಾ ಕಾರ್’ ಎಂಬ ಅಂದಿನ ಹೆಸರುಗಳನ್ನು ಹಾಗೆಯೇ ಉಳಿಸಿಕೊಳ್ಳುವುದು ಇತಿಹಾಸಕ್ಕೆ ಹೆಚ್ಚು ನ್ಯಾಯವೆಂದು ನನಗನ್ನಿಸುತ್ತದೆ. ವಾಹನಗಳ ಬಗ್ಗೆ ಕನ್ನಡದಲ್ಲಿ ಬರೆದು ಅನುಭವವಿರುವವರು ಈ ಎರಡರ ಕುರಿತೂ ತಮ್ಮ ಅಭಿಪ್ರಾಯವನ್ನು ತಿಳಿಸಬೇಕಾಗಿ ಕೋರುತ್ತೇನೆ.